ಜನವಸತಿ ಇಲ್ಲದ ಅತ್ತೀಪುರ

ನಮ್ಮ ಅಪಾರ್ಟ್‌ಮೆಂಟಿನ ಹೆಸರು ಮೇಪಲ್ ಕ್ರೆಸ್ಟ್. ಮೇಪಲ್ ಮರವನ್ನು ಕಣ್ಣಾರೆ ಕಂಡವರು ಇಲ್ಲಿ ಯಾರೂ ಇಲ್ಲ. ಕಾಡುಗೋಡಿ ದಾಟಿ ಹೊಸಕೋಟೆ ಕಡೆಗೆ ಹೋಗುವ ರಸ್ತೆಯ ಬಲಕ್ಕೆ ನಾಲ್ಕು ಟವರು, ಒಂದು ಈಜುಕೊಳ, ನಡುವೆ ಹುಲ್ಲುಹಾಸು. ಆ ಹುಲ್ಲುಹಾಸಿನ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಪ್ಪು ಕಲ್ಲಿದೆ. ಮೂರ್ತಿಯಲ್ಲ, ಶಾಸನವೂ ಅಲ್ಲ. ಎಣ್ಣೆ ಕುಡಿದು ಕುಡಿದು ನುಣುಪಾದ ಒಂದು ಕಲ್ಲು, ಅಷ್ಟೆ. ಸಂಜೆ ಮಕ್ಕಳು ಕ್ರಿಕೆಟ್ ಆಡುವಾಗ ಅದನ್ನೇ ಸ್ಟಂಪ್ ಮಾಡಿಕೊಳ್ಳುತ್ತಾರೆ.

ಯುಗಾದಿ ಕಳೆದ ಎರಡನೆಯ ಮಂಗಳವಾರ ಆ ಕಲ್ಲಿಗೆ ಪೂಜೆ ಮಾಡಲು ಹೊರಗಿನಿಂದ ಒಂದಷ್ಟು ಜನ ಬರುತ್ತಿದ್ದರು. ಕಾಡುಗೋಡಿಯ ಹಿಂಬದಿಯ ಒಂದು ಬೀದಿಯವರು. ಮುಂದೆ ತಮಟೆ, ಹಿಂದೆ ತಂಬಿಟ್ಟಿನ ತಟ್ಟೆ ಹಿಡಿದ ಹೆಂಗಸರು, ಅವರಿಗೆಲ್ಲ ಯಜಮಾನಿ ಭದ್ರಮ್ಮ ಎಂಬ ಎಪ್ಪತ್ತು ದಾಟಿದ ಹೆಂಗಸು. ಅದು ತಮ್ಮ ಊರಿನ ಕರಗಲ್ಲು ಎನ್ನುವುದು ಅವರ ಮಾತು. ಊರು ಕಟ್ಟುವಾಗ ಎಲ್ಲಕ್ಕಿಂತ ಮೊದಲು ನೆಡುವ ಕಲ್ಲಿಗೆ ಈ ಕಡೆ ಹಾಗೆನ್ನುತ್ತಾರೆ. ಅದು ನಿಂತರೆ ಊರು ನಿಂತ ಹಾಗೆ. ಊರಿನ ಹೆಸರು ಅತ್ತೀಪುರವಂತೆ. ಜಾಗ ಕೊಂಡ ಬಿಲ್ಡರ್, ವರ್ಷಕ್ಕೊಂದು ದಿನ ಒಳಗೆ ಬಿಡುತ್ತೇನೆಂದು ಬಾಯಿಮಾತಿನಲ್ಲಿ ಒಪ್ಪಿದ್ದನಂತೆ. ಬಿಲ್ಡರ್‌ನ ಬಾಯಿಮಾತು! ಫ್ಲ್ಯಾಟುಗಳೆಲ್ಲ ಮಾರಿಹೋದ ಮೇಲೆ ಅವನೂ ನಾಪತ್ತೆ, ಅವನ ಬಾಯಿಯೂ ನಾಪತ್ತೆ.

೨೦೧೨ರ ಪೂಜೆಯಲ್ಲಿ ಅವರು ಕೋಳಿ ಕುಯ್ದರು. ಅದನ್ನು ಬಾಲ್ಕನಿಯಿಂದ ನೋಡಿದ ಮಗುವೊಂದು ವಾಂತಿ ಮಾಡಿಕೊಂಡಿತು. ಅಲ್ಲಿಂದ ಶುರುವಾಯಿತು ನಿವಾಸಿಗಳ ಇ-ಮೇಲ್ ಯುದ್ಧ. ಇವತ್ತು ಪೂಜೆ, ನಾಳೆ ಗುಡಿ, ನಾಡಿದ್ದು ಜಾಗವೇ ನಮ್ಮದು ಅನ್ನುತ್ತಾರೆ ಎಂದು ಒಬ್ಬರು ಬರೆದರೆ, ಅವರ ಹೊಟ್ಟೆಯೊಳಗಿನ ಭಯಕ್ಕೆ ಉಳಿದವರೆಲ್ಲ ತಲೆಯಾಡಿಸಿದರು. ಸಂಘದ ಕಾರ್ಯದರ್ಶಿ ಬಸಲಿಂಗ, ಬಾಗಲಕೋಟೆ ಕಡೆಯವನು, ಕೆಟ್ಟವನಲ್ಲ, ಎಲ್ಲರನ್ನೂ ಸಮಾಧಾನ ಮಾಡಲು ಹೋಗಿ ಸದಾ ಬೆವರುತ್ತಿರುವವನು, ನನ್ನ ಮನೆಗೆ ಬಂದ.

"ಅಕ್ಕಾರ, ನೀವು ಹೆಂಗೂ ಹಿಸ್ಟರಿ ಬರೀತೀರಿ. ಇವ್ರಿಗೆ ಇಲ್ಲಿ ಹಕ್ಕು ಏನರ ಐತೇನು ನೋಡಿಕೊಡ್ರಿ. ದಾಖಲೆ ಇತ್ತಂದ್ರ ಒಳಗ ಬಿಡೋಣು. ಇಲ್ಲಂದ್ರ ಇಲ್ಲ. ಮುಂದಿನ ಯುಗಾದಿಯೊಳಗ ಒಂದು ತೀರ್ಮಾನ ಆಗಬೇಕ್ರಿ."

ನಾನು ಇತಿಹಾಸ ಓದಿದವಳಲ್ಲ. ದಾವಣಗೆರೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡಿ, ಸ್ವಯಂನಿವೃತ್ತಿ ಪಡೆದು, ಗಂಡನ ಜೊತೆ ಇಲ್ಲಿಗೆ ಬಂದವಳು. ಹೆಸರು ನೀಲಾಂಬಿಕಾ. ಸಂಘದ ಮಾಸಪತ್ರಿಕೆಗೆ ಹಳೇ ವೈಟ್‌ಫೀಲ್ಡ್, ಹಳೇ ರೈಲು ಎಂದು ಒಂದು ಪುಟ ಗೀಚುತ್ತಿದ್ದೆ. ಅದನ್ನು ಓದುವವರು ಮೂವರು; ಅವರಲ್ಲಿ ಒಬ್ಬಳು ನಾನೇ.

ಆ ವರ್ಷದ ಶುರುವಿನಲ್ಲಿ ಗಂಡ ಈರೇಶ್ ತೀರಿಕೊಂಡಿದ್ದ. ನನಗೆ ಅಳು ಬರಲಿಲ್ಲ. ಮಣ್ಣು ಮಾಡಿದ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ, ಇದೆ ಅಂತ ಗೊತ್ತು, ಮುಟ್ಟಿದರೆ ತಿಳಿಯುವುದಿಲ್ಲ. ಬಂದವರೆಲ್ಲ ಗಟ್ಟಿಗಿತ್ತಿ ಎಂದರು. ಗಟ್ಟಿತನವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಬೆಳಿಗ್ಗೆ ಎದ್ದರೆ ಸಂಜೆಯವರೆಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಬಸಲಿಂಗ ಕೇಳಿದಾಗ ಹೂಂ ಅಂದೆ. ಬೇರೆ ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದೆ.

ಸರ್ಕಾರದ ಪತ್ರಾಗಾರ ಊರ ನಡುವೆ ಇದೆ. ಕಾಡುಗೋಡಿಯಿಂದ ಎರಡು ಬಸ್ಸು. ಒಳಗೆ ಹೋಗಲು ಪರಿಚಯಪತ್ರ ಬೇಕು. ಯಾವ ಯೂನಿವರ್ಸಿಟಿ ಎಂದು ಕೇಳಿದರು. ಯಾವುದೂ ಅಲ್ಲ ಎಂದೆ. ಯಾವ ಕಾಲೇಜು ಎಂದರು. ಅದೂ ಇಲ್ಲ ಎಂದೆ. ನನ್ನಂಥ ತಿರುಬೋಕಿ ಸಂಶೋಧಕರಿಗೆ ಆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ಕೊನೆಗೆ ಮೇಪಲ್ ಕ್ರೆಸ್ಟ್ ನಿವಾಸಿಗಳ ಸಂಘದ ಲೆಟರ್‌ಹೆಡ್ಡಿನಲ್ಲಿ, ಇವರು ನಮ್ಮ ಇತಿಹಾಸಕಾರರು ಎಂದು ಬಸಲಿಂಗನ ರುಜು ಹಾಕಿಸಿಕೊಂಡು ಹೋದೆ. ಓದುವ ಕೋಣೆಯ ಮೇಲ್ವಿಚಾರಕಿ ನಾಗಲಕ್ಷ್ಮಮ್ಮ ಅದನ್ನು ಎರಡು ಸಲ ಓದಿ, ನನ್ನನ್ನೊಮ್ಮೆ ನೋಡಿ, ಕುರ್ಚಿ ತೋರಿಸಿದರು. ಪೆನ್ನು ಒಳಗೆ ತರುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಮಾತಾಡುವ ಹಾಗಿಲ್ಲ. ಹೇಗಿದ್ದೀಯ ಎಂದು ಕೇಳುವವರಿಲ್ಲ. ನನಗೆ ಇದಕ್ಕಿಂತ ಒಳ್ಳೆಯ ಜಾಗ ಊರಲ್ಲೆಲ್ಲೂ ಸಿಗುತ್ತಿರಲಿಲ್ಲ.

ಮೊದಲು ಕಂದಾಯ ಇಲಾಖೆಯ ಸೂಚಿಗಳನ್ನು ನೋಡಿದೆ. ಸೂಚಿಯಲ್ಲಿ ಕಡತದ ಹೆಸರೂ ಸಂಖ್ಯೆಯೂ ಇರುತ್ತವೆ. ಅದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಒಳಗಿನಿಂದ ಕಡತ ತರುತ್ತಾರೆ, ಇದ್ದರೆ. ಹೀಗೆ ತಿಂಗಳುಗಟ್ಟಲೆ ಹೋಗಿ ಬಂದ ಮೇಲೆ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ಒಂದು ಗ್ರಾಮಪಟ್ಟಿ ಕೈಗೆ ಬಂತು. ಅದರಲ್ಲಿ ಅತ್ತೀಪುರ ಇತ್ತು. ಹೆಸರಿನ ಮುಂದೆ ಒಂದೇ ಪದ: ಬೇಚಿರಾಕ್. ಜನವಸತಿ ಇಲ್ಲದ ಊರಿಗೆ ಕಂದಾಯದವರು ಹಾಗೆ ಬರೆಯುತ್ತಾರೆ. ಮನೆ ಇಲ್ಲ, ಜನ ಇಲ್ಲ.

ಊರು ಸಿಕ್ಕಿತಲ್ಲ ಎಂದು ನಾನು ನಕಲಿಗೆ ಅರ್ಜಿ ಕೊಟ್ಟು, ಮೊಹರು ಹಾಕಿಸಿಕೊಂಡು ಬಂದು ಬಸಲಿಂಗನ ಕೈಗಿಟ್ಟೆ. ಅತ್ತೀಪುರ ಎಂಬ ಊರು ಇದ್ದದ್ದು ನಿಜ, ಭದ್ರಮ್ಮ ಕಟ್ಟುಕತೆ ಹೇಳುತ್ತಿಲ್ಲ ಎಂದು ನನ್ನ ಲೆಕ್ಕ. ಸಂಘದ ಸಭೆಯಲ್ಲಿ ಅದನ್ನು ಓದಿದ್ದೇ ಬೇರೆ ಥರ. ಸರ್ಕಾರವೇ ಬರೆದಿದೆಯಲ್ಲ, ಇಲ್ಲಿ ಯಾರೂ ಇರಲಿಲ್ಲ! ಇರದವರಿಗೆ ಎಲ್ಲಿಯ ಹಕ್ಕು? ಆ ಪಟ್ಟಿ ಬರೆದಾಗ ಯಾರೂ ಇರಲಿಲ್ಲ ಅಂತ ಅಷ್ಟೇ ಅದರ ಅರ್ಥ, ಅದಕ್ಕೂ ಹಿಂದೆ ಇದ್ದಿರಬಹುದು, ಇಲ್ಲದಿದ್ದರೆ ಹೆಸರಾದರೂ ಯಾಕಿರುತ್ತಿತ್ತು ಎಂದು ನಾನು ಎದ್ದು ನಿಂತು ಹೇಳಿದೆ. ಮೈಕು ಆಗಲೇ ಮುಂದಿನ ವಿಷಯಕ್ಕೆ, ನೀರಿನ ಟ್ಯಾಂಕರಿಗೆ ಹೋಗಿತ್ತು. ಇನ್ನು ಮುಂದೆ ಹೊರಗಿನವರ ಪೂಜೆಗೆ ಒಳಗೆ ಅವಕಾಶವಿಲ್ಲ ಎಂದು ನಿರ್ಣಯವಾಯಿತು. ನಾನು ತಂದ ನಕಲನ್ನು ನಿರ್ಣಯದ ಹಿಂದೆ ಪಿನ್ನು ಹಾಕಿದರು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆದರೂ ಇದನ್ನು ಭದ್ರಮ್ಮನಿಗೆ ಕಾವಲುಗಾರನ ಬಾಯಿಂದ ಕೇಳಿಸುವುದು ಬೇಡ ಅನ್ನಿಸಿ ಅವರ ಬೀದಿ ಹುಡುಕಿಕೊಂಡು ಹೋದೆ. ಅಂಗಡಿಯವನನ್ನು ಕೇಳಿದರೆ ಜೋಪಡಿ ಬೀದಿನಾ ಎಂದ. ಜೋಪಡಿ ಒಂದೂ ಇಲ್ಲ. ಎರಡಂತಸ್ತು, ಮೂರಂತಸ್ತಿನ ಮನೆಗಳು, ಕೆಳಗೆ ಬಾಡಿಗೆ ರೂಮುಗಳು, ಬಾಗಿಲಲ್ಲೆಲ್ಲ ಫ್ಯಾಕ್ಟರಿ ಯೂನಿಫಾರಂ ಒಣಗಿಹಾಕಿದ್ದರು. ಭದ್ರಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಹೇಳಬೇಕಾದ್ದನ್ನು ಹೇಳಿದೆ. ಆಕೆ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಜನ ಇರ್ನಿಲ್ಲ ಅಂತ ಬರ್ದವ್ರಾ? ಎಂಗಿರ್ತಾರೆ ತಾಯಿ? ಇಲಿ ಬಿದ್ವಲ್ಲ."

"ಇಲಿ?"

"ಊಂ ಕಣವ್ವ. ಸೂರಿಂದ ಪಟ್ ಪಟ್ ಅಂತ ಬಿದ್ವಂತೆ. ಇಲಿ ಬಿದ್ಮೇಲೆ ಊರಲ್ಲಿ ಇರಂಗಿಲ್ಲ. ನಮ್ಮತ್ತೆಯ ಅತ್ತೆ ಆವಾಗ ಮೊಲೆ ಕುಡಿಯೋ ಕೂಸು. ಎಲ್ಲಾನೂ ಬಿಟ್ಟು ಇಲ್ಲಿ ಬಂದು ಜೋಪಡಿ ಆಕ್ಕಂಡ್ರು. ಕಾಯ್ಲೆ ಓದ್ಮೇಲೆ ಊರಿಗೆ ವಾಪಸ್ ಓಗಾದು ಅಂತ. ಓಗಾದು ಓಗಾದು ಅಂತಲೇ ಇಲ್ಲಿದೀವಿ."

ಪ್ಲೇಗು. ನನಗೆ ಅಷ್ಟು ಹೊತ್ತಿಗೆ ಹೊಳೆಯಿತು. ಸುಮ್ಮನಿರಲಾರದೆ ಇನ್ನೊಂದು ಕೇಳಿದೆ: ಈ ಬೀದಿಯ ಕರಗಲ್ಲು ಎಲ್ಲಿದೆ?

ಭದ್ರಮ್ಮ ಆಗ ಮಾತ್ರ ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಇಲ್ಯಾಕೆ ನೆಡಾನ? ಊರು ಅಲ್ಲೈತಲ್ಲ. ಇಲ್ಲಿ ಕಲ್ಲು ನೆಟ್ರೆ ಅಲ್ಲಿ ಊರು ಸತ್ತೋಯ್ತು ಅಂತ ಅಲ್ವಾ? ನಮ್ಮ ಅತ್ತೆನೂ ನೆಡ್ನಿಲ್ಲ, ಅವ್ರ ಅತ್ತೆನೂ ನೆಡ್ನಿಲ್ಲ."

ನೂರು ವರ್ಷದ ಮೇಲಾಯಿತು, ಮನೆಗೆ ಟೈಲ್ಸ್ ಹಾಕಿಸಿಕೊಂಡು, ಮೊಮ್ಮಕ್ಕಳನ್ನು ಐಟಿ ಪಾರ್ಕಿನ ಕ್ಯಾಬ್ ಓಡಿಸಲು ಕಳಿಸುತ್ತ, ಇವರು ಇನ್ನೂ ಜೋಪಡಿಯಲ್ಲಿಯೇ ಇದ್ದರು. ನನಗೆ ನಗು ಬರಬೇಕೋ ಏನು ಬರಬೇಕೋ ತಿಳಿಯಲಿಲ್ಲ. ಹೊಸ ಕಲ್ಲು ನೆಡಲೇಬೇಕು ಅಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಹಳೇ ಕಲ್ಲಿನ ಬುಡದ ಮಣ್ಣು ಒಂದು ಹಿಡಿ ತಂದು ಹೊಸ ಗುಂಡಿಗೆ ಹಾಕಿ, ಅದರ ಮೇಲೆ ನೆಡಬೇಕಂತೆ. ಆ ಮಣ್ಣು ತಂದ ದಿನ ಹಳೇ ಊರಿಗೆ ಎಳ್ಳುನೀರು ಬಿಟ್ಟ ಹಾಗೆ. ಆ ಮಾತನ್ನು ಆಕೆ ತಗ್ಗಿದ ದನಿಯಲ್ಲಿ ಹೇಳಿದಳು.

ಮರುವಾರ ಮತ್ತೆ ಪತ್ರಾಗಾರಕ್ಕೆ ಹೋದೆ. ಇಷ್ಟು ದಿನ ಊರನ್ನು ಕಂದಾಯದಲ್ಲಿ ಹುಡುಕಿದ್ದೆ. ಊರು ಖಾಲಿಯಾದದ್ದು ರೋಗದಿಂದ ಅಂದ ಮೇಲೆ ಕಡತ ಆರೋಗ್ಯದವರ ಬಳಿ ಇರಬೇಕು. ಪ್ಲೇಗಿನ ಸೂಚಿ ಬೇರೆಯೇ ಇತ್ತು, ದಪ್ಪನೆಯದು. ಇಲಿ ಹಿಡಿಸಿದ್ದು, ಚಾವಣಿ ತೆಗೆಸಿದ್ದು, ಸುಟ್ಟ ಬಟ್ಟೆಗೆ ಪರಿಹಾರ ಕೇಳಿದ್ದು. ಅದರ ನಡುವೆ ಒಂದು ಸಾಲು. ಇಂಗ್ಲಿಷಿನಲ್ಲಿ ಇದ್ದದ್ದನ್ನು ನಾನು ಪೆನ್ಸಿಲಿನಲ್ಲಿ ಕನ್ನಡಕ್ಕಿಳಿಸಿಕೊಂಡೆ: ಅತ್ತೀಪುರದ ರೈತರು ತಮ್ಮ ಊರಿಗೆ ಮರಳಲು ಅನುಮತಿ ಬೇಡಿರುವ ಬಗ್ಗೆ.

ಎದೆ ಝಲ್ಲೆನ್ನಬೇಕಿತ್ತು. ಅನ್ನಲಿಲ್ಲ. ಕಡತದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು ಕಾದೆ. ಬಹಳ ಹೊತ್ತಿನ ಮೇಲೆ ನಾಗಲಕ್ಷ್ಮಮ್ಮ ಚೀಟಿಯನ್ನು ವಾಪಸು ತಂದರು.

"ಇದು ಕೊಡಕ್ಕಾಗಲ್ಲ ಮೇಡಂ. ತುಂಬಾ ಹಾಳಾಗಿದೆ. ಬಿಚ್ಚಿದ್ರೆ ಅವಲಕ್ಕಿ ಥರ ಉದುರ್ಬಿಡುತ್ತೆ."

"ದೂರದಿಂದ ನೋಡ್ತೀನಿ. ಮುಟ್ಟಲ್ಲ."

ಅವರು ಒಳಗಿನ ಬಾಗಿಲವರೆಗೆ ಕರೆದುಕೊಂಡು ಹೋದರು. ಮೇಜಿನ ಮೇಲೆ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು. ಅಂಚಿನಿಂದ ಕಂದು ಹೊಟ್ಟು ಸುರಿದಿತ್ತು. ಅದರೊಳಗೆ ಎಲ್ಲೋ ಭದ್ರಮ್ಮನ ಹಿರಿಯರು ಹೆಬ್ಬೆಟ್ಟು ಒತ್ತಿ ಕೇಳಿದ ಮಾತಿತ್ತು, ಸರ್ಕಾರ ಕೊಟ್ಟ ಉತ್ತರವೂ ಇತ್ತು. ರಿಪೇರಿಗೆ ಕಳಿಸುತ್ತೇವೆ, ಸರದಿ ಬರಬೇಕು, ಯಾವಾಗ ಅಂತ ಹೇಳಕ್ಕಾಗಲ್ಲ ಎಂದರು ನಾಗಲಕ್ಷ್ಮಮ್ಮ. ಅವರ ತಪ್ಪೇನಿಲ್ಲ. ಕಾಗದಕ್ಕೂ ವಯಸ್ಸಾಗುತ್ತದೆ.

ಆ ಒಂದು ಸಾಲನ್ನು ಹಿಡಿದುಕೊಂಡು ಬಸಲಿಂಗನ ಹತ್ತಿರ ಹೋದೆ. ಅವನು ಅದನ್ನು ಗೌರವದಿಂದಲೇ ಓದಿದ.

"ಅಕ್ಕಾರ, ಇದು ಬರೇ ಕಡತದ ಹೆಸರ್ರಿ. ಒಳಗ ಏನೈತಿ ಅಂತ ನಿಮಗೂ ಗೊತ್ತಿಲ್ಲ. ಸರ್ಕಾರ ಹೂಂ ಅಂತೋ, ಬ್ಯಾಡ ಅಂತೋ. ಇದನ್ನ ಹಿಡಕೊಂಡು ಸಭೆ ನಿರ್ಣಯ ಹೆಂಗ ಬದಲಾ ಮಾಡ್ಲಿ ಹೇಳ್ರಿ."

ಅವನು ಹೇಳಿದ್ದು ಸರಿಯಾಗಿತ್ತು. ಸರಿಯಾದ ಮಾತಾಡುವವರ ಜೊತೆ ಜಗಳವಾಡುವುದು ಬಲು ಕಷ್ಟ. ನನ್ನ ಮುಖ ನೋಡಿ ಅವನಿಗೇ ಪಾಪ ಅನ್ನಿಸಿರಬೇಕು. ಬೆವರು ಒರೆಸಿಕೊಂಡು, "ಒಂದ್ ಕೆಲಸ ಮಾಡೋಣು. ನಾಕೈದ್ ಮಂದಿ ಹೆಣಮಕ್ಕಳು ನಿಮ್ಮ ಮನಿಗೆ ಬೀಗರಾಗಿ ಬರಲಿ. ನಿಮ್ಮ ಹೆಸರಿನ ಮ್ಯಾಲ ಒಳಗ ಬಿಡಸ್ತೀನಿ. ಬೀಗರು ಹುಲ್ಲಿನ ಮ್ಯಾಲ ತಿರುಗಾಡಿದ್ರ, ಒಂದ್ ಕಲ್ಲಿಗೆ ಹೂ ಇಟ್ರ, ಯಾರು ಏನ್ ಕೇಳ್ತಾರ?" ಎಂದ. ನಾನು ಅದಕ್ಕೂ ಹೂಂ ಅಂದೆ. ಒಳ್ಳೆಯ ಉಪಾಯ ಎಂದು ಮನಸ್ಸಿಗೂ ಬಂತು. ಹೇಗೆ ಎಂದು ಬಿಡಿಸಿ ಹೇಳದೆ, ಒಳಗೆ ಬಿಡಿಸುತ್ತೇನೆ ಬನ್ನಿ ಎಂದಷ್ಟೇ ಭದ್ರಮ್ಮನಿಗೆ ಹೇಳಿಕಳಿಸಿದೆ.

ಯುಗಾದಿ ಕಳೆದ ಎರಡನೆಯ ಮಂಗಳವಾರ ಬೆಳಿಗ್ಗೆ ಅವರು ಬಂದರು. ಈ ಸಲ ಕೋಳಿ ಇರಲಿಲ್ಲ. ತಮಟೆಯವನಿದ್ದ, ಆದರೆ ಬಾರಿಸುತ್ತಿರಲಿಲ್ಲ. ಹೆಂಗಸರು ಹೊಸ ಸೀರೆ ಉಟ್ಟು, ತಂಬಿಟ್ಟಿನ ಮೇಲೆ ಹೂವಿಟ್ಟುಕೊಂಡು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದರು. ಕಾವಲುಗಾರ ಪುಸ್ತಕ ಮುಂದೆ ತಳ್ಳಿ, ಯಾರ ಮನೆಗೆ ಎಂದು ಕೇಳುತ್ತಿದ್ದ. ನಾನು ಓಡಿಹೋಗಿ, ಇವರು ನಮ್ಮ ಮನೆಗೆ ಬಂದ ನೆಂಟರು, ನನ್ನ ಹೆಸರು ಬರೆದುಕೊಳ್ಳಪ್ಪ ಎಂದೆ.

ಭದ್ರಮ್ಮ ಪುಸ್ತಕದ ಮೇಲೆ ಕೈಯಿಟ್ಟು ಅವನನ್ನು ತಡೆದಳು.

"ಏನಂತ ಬರೀತೀಯಪ್ಪ?"

"ಗೆಸ್ಟ್ ಅಂತ ಅಜ್ಜಿ. ನೆಂಟ್ರು ಅಂತ."

ಆಕೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. "ನೀನು ಒಳ್ಳೇವ್ಳು ಕಣವ್ವ. ಆದ್ರೆ ನಮ್ಮೂರ್ಗೆ ನಾವು ನೆಂಟ್ರಾಗಿ ಬರಾದಾ? ಇವತ್ತು ಅಂಗಂತ ಒಪ್ಕಂಡು ಒಳಕ್ಕೆ ಬಂದ್ರೆ, ಆಮೇಕೆ ಊರು ನಮ್ದು ಅಂತ ಯಾವ ಬಾಯಲ್ಲಿ ಅನ್ನಾನ?"

ಹಿಂದೆ ಕಾರುಗಳು ಹಾರನ್ ಹೊಡೆಯತೊಡಗಿದವು. ಹೆಂಗಸರು ಗೋಡೆಯ ಪಕ್ಕಕ್ಕೆ ಸರಿದು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಬಹಳ ಹೊತ್ತು ಮಾತಾಡಿದರು. ಒಬ್ಬಳು ಬೇಡ ಬೇಡ ಎಂದು ತಲೆಯಾಡಿಸುತ್ತಲೇ ಇದ್ದಳು. ಆಮೇಲೆ ಭದ್ರಮ್ಮ ನನ್ನ ಬಳಿಗೆ ಬಂದು ಸೆರಗು ಒಡ್ಡಿದಳು.

"ಓಗಿ ಕಲ್ಲಿನ ಬುಡದಿಂದ ಒಂದಿಡಿ ಮಣ್ಣು ತಂದ್ಕೊಡು ತಾಯಿ. ನಾವೇ ತಗಾಬೇಕು, ಆದ್ರೆ ಇನ್ನೇನ್ ಮಾಡಾನ. ಬೀದೀಲಿ ಕಲ್ಲು ನೆಟ್ಕತೀವಿ. ಸಾಕು."

ಸಾಕು ಎಂದ ಆ ದನಿ ನನ್ನೊಳಗೆ ಎಲ್ಲಿಯೋ ಮುಟ್ಟಿತು. ಎಲ್ಲಿ ಎಂದು ಹುಡುಕಲು ಹೋಗದೆ ಒಳಗೆ ನಡೆದೆ.

ಕಲ್ಲಿನ ಮುಂದೆ ಕೂತು ಹುಲ್ಲು ಸರಿಸುತ್ತಿದ್ದೆ. ತೋಟ ನೋಡಿಕೊಳ್ಳುವ ಹಣಮಂತ ಪೈಪು ಹಿಡಿದು ಬಂದ. ಈ ಕಟ್ಟಡ ಕಟ್ಟುವಾಗ ಗಾರೆ ಕೆಲಸಕ್ಕೆಂದು ಬಾದಾಮಿ ಕಡೆಯಿಂದ ಬಂದು, ಮುಗಿದ ಮೇಲೆ ಇಲ್ಲಿಯೇ ಮಾಲಿಯಾಗಿ ಉಳಿದವನು.

"ಏನ್ ಮಾಡಾಕತ್ತೀರಿ ಅಕ್ಕಾರ?"

"ಮಣ್ಣು ಬೇಕು."

"ಮಣ್ಣು ಬೇಕಂದ್ರ ಚೀಲದಾಗ ಐತ್ರಿ, ಗೊಬ್ಬರ ಕಲಸಿದ್ದು. ಅದನ್ನ ಕೊಡ್ತೀನಿ."

"ಇಲ್ಲಿಯದೇ ಬೇಕು. ಕಲ್ಲಿನ ಬುಡದ್ದು."

ಅವನು ನಕ್ಕ. "ಎಲ್ಲಾ ಒಂದ ಮಣ್ಣರಿ. ಇದೂ ಹೊಸಕೋಟಿ ಕಡಿಂದ ಲಾರಿ ಮ್ಯಾಲ ಬಂದದ್ದ. ಒಂದ್ ಮೊಳ ತಗ್ಗ ತೋಡ್ರಿ, ಸ್ಲ್ಯಾಬ್ ಹತ್ತತೈತಿ. ಅದರ ಕೆಳಗ ಕಾರು ನಿಂದ್ರಸ್ತಾರಲ್ರೀ. ಬೇಸ್‌ಮೆಂಟ್ ತೋಡಾಗ ಈ ಕಲ್ಲನ್ನ ಕ್ರೇನಿಗೆ ಕಟ್ಟಿ ಎತ್ತಿ ಶೆಡ್ಡಿನ್ಯಾಗ ಇಟ್ಟಿದ್ರು. ಎಲ್ಲಾ ಮುಗದ ಮ್ಯಾಲ ಇಲ್ಲಿ ಚಂದ ಕಾಣತೈತಿ ಅಂತ ನಿಲ್ಲಿಸ್ಯಾರ."

"ಇಲ್ಲಿದ್ದ ಹಳೇ ಮಣ್ಣು?"

"ಟಿಪ್ಪರ್ ತುಂಬಿ ಒಯ್ದ್ರು. ಎಲ್ಲಿಗೆ ಒಯ್ದ್ರೋ ಯಾರಿಗ್ಗೊತ್ತು."

ಅವನು ನೀರು ಬಿಡುತ್ತ ಮುಂದೆ ಹೋದ. ನಾನು ಕೂತೇ ಇದ್ದೆ. ಒಂದು ವರ್ಷ ಈ ಊರನ್ನು ಕಾಗದದಲ್ಲಿ ಹುಡುಕಿದ್ದೆ. ನನ್ನ ಕಿಟಕಿಯಿಂದ ಕಾಣುವ ಹುಲ್ಲಿನ ಕೆಳಗೆ ಏನಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಆವರಣದ ನಾಲ್ಕು ಮೂಲೆಗಳನ್ನೂ ಮನಸ್ಸಿನಲ್ಲೇ ಸುತ್ತಿ ಬಂದೆ. ಸಂಪು, ಜನರೇಟರು, ಕಾಂಕ್ರೀಟು, ಟೈಲ್ಸು. ಅತ್ತೀಪುರದ ಒಂದು ಹಿಡಿ ಮಣ್ಣು ಎಲ್ಲಿಯೂ ಇರಲಿಲ್ಲ. ಗೇಟಿಗೆ ಹೋಗಿ ಇದನ್ನು ಹೇಳಬೇಕು. ಹೇಳಿದರೆ ಆ ಬೀದಿಯಲ್ಲಿ ಕಲ್ಲು ನೆಡುವಂತಿಲ್ಲ, ಇಲ್ಲಿಗೂ ಬರುವಂತಿಲ್ಲ. ಇನ್ನು ನೂರು ವರ್ಷ ಅವರು ಜೋಪಡಿಯಲ್ಲೇ ಇರಬೇಕು.

ಕಲ್ಲಿನ ಬುಡದ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡೆ. ಕೆಂಪಗೆ, ಹಸಿಯಾಗಿ, ಒಳ್ಳೆಯ ಮಣ್ಣೇ ಅದು.

ನಾನು ಬರುವುದನ್ನು ನೋಡಿ ಹೆಂಗಸರೆಲ್ಲ ಚಪ್ಪಲಿ ಬಿಟ್ಟರು. ಭದ್ರಮ್ಮ ಎರಡೂ ಕೈಯಲ್ಲಿ ಸೆರಗು ಹಿಡಿದು ನಿಂತಳು.

"ಕರಗಲ್ಲಿನ ಬುಡದ್ದೇ ತಾನೇ ತಾಯಿ?"

"ಹೌದು. ಬುಡದ್ದೇ."

ಅದು ಸುಳ್ಳಾಗಿರಲಿಲ್ಲ. ಬೇಚಿರಾಕ್ ಎಂದು ಬರೆದ ಗುಮಾಸ್ತನೂ ಸುಳ್ಳು ಬರೆದಿರಲಿಲ್ಲ. ಮಣ್ಣು ಸೆರಗಿಗೆ ಬಿದ್ದದ್ದೇ ತಡ ಒಬ್ಬಳು ಹೋ ಎಂದು ದನಿ ತೆಗೆದಳು, ಅವಳ ಹಿಂದೆಯೇ ಉಳಿದವರು. ಸಾವಿನ ಮನೆಯಲ್ಲಿ ಅಳುವ ಅಳು. ಹಾರನ್ ಹೊಡೆಯುತ್ತಿದ್ದ ಕಾರಿನವನು ಕೂಡ ಸುಮ್ಮನಾದ. ಅವರು ಅಳುತ್ತಿರುವುದು ಎಲ್ಲಿಯದೋ ಮಣ್ಣಿಗೆ ಎಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನನಗೆ ನಾಚಿಕೆಯಾಯಿತು, ಮೈಯೆಲ್ಲ ಸುಡುವಂಥ ನಾಚಿಕೆ. ಎಷ್ಟೋ ದಿನದ ಮೇಲೆ ನನಗೆ ಏನಾದರೂ ಆಗಿದ್ದರೆ ಅದು ಇದೊಂದೇ.

ಭದ್ರಮ್ಮ ಸೆರಗಿಗೆ ಗಂಟು ಹಾಕುವ ಮುಂಚೆ ಚಿಟಿಕೆ ಮಣ್ಣು ತೆಗೆದು ತನ್ನವರ ಹಣೆಗೆಲ್ಲ ಇಟ್ಟಳು. ಆಮೇಲೆ ನನ್ನ ಮುಂದೆ ಬಂದು ನಿಂತಳು. ನಾನು ಆಕೆಗಿಂತ ಎತ್ತರ. ಮಣ್ಣಿನ ಬೆರಳು ನನ್ನ ಹಣೆಗೆ ಎಟುಕಲಿಲ್ಲ.

"ನೀನು ಈಗ ಅಲ್ಲೇ ಇರೋಳಲ್ವಾ ತಾಯಿ. ಇದು ನಿಂಗೂ ಸೇರ್ಬೇಕು. ಬಗ್ಗು."

ನಾನು ಬಗ್ಗಿದೆ.